ಕಲಿಪಾಸಿರ್‌ನ ಗೊರವಂಕ

ಉಮಾಶಂಕರನಿಗೆ ಇದ್ದದ್ದು ಒಂದೇ ಗಂಟಲು. ಅದರಲ್ಲಿ ಬಾಡಿಗೆಗಿದ್ದವರು ಮಾತ್ರ ಬಹಳ ಜನ. ಮೈಸೂರಿನ ಸಿಟಿ ಬಸ್ಸಿನ ಕಂಡಕ್ಟರ್, ಇಂಜಿನಿಯರಿಂಗ್ ಕಾಲೇಜಿನಲ್ಲಿ ಥರ್ಮೊಡೈನಮಿಕ್ಸ್ ಹೇಳಿಕೊಡುತ್ತಿದ್ದ ಮೂಗುದನಿಯ ಮೇಷ್ಟರು, ಜಪಾನಿನ ಹಮಾಮತ್ಸುವಿನ ಬೈಕ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವನ ಮೇಲಧಿಕಾರಿಯಾದ ಮೊಚಿಜುಕಿ-ಸಾನ್, ಎಲ್ಲರೂ ಅಲ್ಲೇ ವಾಸ. 'ಇಲ್ಲ' ಎನ್ನಬೇಕಾದಾಗಲೆಲ್ಲ ಮೊಚಿಜುಕಿ-ಸಾನ್ ಹಲ್ಲಿನ ಸಂದಿಯಿಂದ ಸುಯ್ಯೆಂದು ಗಾಳಿ ಎಳೆದುಕೊಳ್ಳುತ್ತಿದ್ದರು. ಅದನ್ನು ವರ್ಷದ ಕೊನೆಯ ಪಾರ್ಟಿಯಲ್ಲಿ ಉಮಾಶಂಕರ ಮಾಡಿ ತೋರಿಸಿದಾಗ ಸ್ವತಃ ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮರುವಾರ ಅವನು ರಜೆ ಕೇಳಿದಾಗ ಸುಯ್ಯೆಂದು ಗಾಳಿ ಎಳೆದುಕೊಂಡಿದ್ದರು.

ಆ ಗಂಟಲಿಗೆ ಕೊನೆಯದಾಗಿ ಬಾಡಿಗೆಗೆ ಬಂದವನು ಸುತ್ರಿಸ್ನೋ. ಜಾವಾ ದ್ವೀಪದವನು, ಅದೇ ಕಾರ್ಖಾನೆಯ ಎರಕದ ವಿಭಾಗದಲ್ಲಿ ಟ್ರೈನೀ. ಕಂಪನಿ ಹಿಡಿದುಕೊಟ್ಟಿದ್ದ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಬಾಲ್ಕನಿ ಅವನದು. ಇಬ್ಬರ ನಡುವೆ ಇದ್ದದ್ದು ಕಾಲು ಮುರಿದ ಜಪಾನಿ ಭಾಷೆ. ಅದರಲ್ಲೇ ಉಮಾಶಂಕರ ಮೊದಲ ದಿನವೇ ಹೆಸರಿನ ಮೇಲೆ ಕೈ ಹಾಕಿದ್ದ.

"ತೃಷ್ಣೆ ಅಂದ್ರೆ ನಮ್ಮಲ್ಲಿ ಬಾಯಾರಿಕೆ ಕಣಯ್ಯಾ."

"ನಮ್ಮಲ್ಲಿ ಪ್ರೀತಿ," ಎಂದಿದ್ದ ಸುತ್ರಿಸ್ನೋ.

"ಎರಡೂ ಒಂದೇ ಬಿಡು. ಎರಡಕ್ಕೂ ಗಂಟಲು ಒಣಗುತ್ತೆ."

ಸಂಜೆಯಾದರೆ ಸುತ್ರಿಸ್ನೋ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಊರಿಗೆ ಫೋನ್ ಮಾಡುತ್ತಿದ್ದ. ಮೊದಲ ಮಾತು ಯಾವಾಗಲೂ ಒಂದೇ: "ವಿಸ್ ಮಂಗಾನ್, ಮಾಕ್?" ಊಟ ಆಯ್ತಾ ಅಮ್ಮ ಎಂದು ಅರ್ಥ ಗೊತ್ತಾದ ದಿನ ಉಮಾಶಂಕರ ಹೆಂಡತಿಗೆ ಹೇಳಿದ: "ನೋಡು ನಿರೂ, ನಮ್ಮ ಹಾಗೇ ಮೊದಲು ಊಟ ಕೇಳ್ತಾರೆ. ಮಂಗನ ಹಾಗೆ ಕೇಳ್ತಾರೆ ಅಷ್ಟೆ." ಆ ದನಿಯ ಏರಿಳಿತ, ಕೊನೆಯಲ್ಲಿ 'ಮಾಕ್' ಎನ್ನುವಾಗ ಗಂಟಲಿನಲ್ಲೇ ಸಿಕ್ಕಿಕೊಳ್ಳುವ ಕಕಾರ, ಎಲ್ಲವೂ ತಿಂಗಳೊಳಗೆ ಅವನ ನಾಲಿಗೆಗೆ ಬಂದಿತ್ತು. ಒಮ್ಮೆ ಫೋನ್ ಕಿತ್ತುಕೊಂಡು ಮಗನ ದನಿಯಲ್ಲೇ ಊಟ ಕೇಳಿದ. ತಾಯಿ, ಆಯ್ತಪ್ಪ, ಒಣಮೀನು ಮಾಡಿದ್ದೆ ಎಂದು ವರದಿ ಕೊಡುತ್ತಲೇ ಹೋದರು. ಮೋಸ ತಿಳಿದ ಮೇಲೆ ಕೆಮ್ಮು ಬರುವಷ್ಟು ನಕ್ಕು, "ಬೇಯೋ! ಬೇಯೋ!" ಎಂದು ಬೈದರು. ಬೇಯೋ ಎಂದರೆ ಗೊರವಂಕ, ಕೇಳಿದ್ದನ್ನೆಲ್ಲ ಆಡುವ ಹಕ್ಕಿ.

ಒಂದೇ ಒಂದು ಅವನಿಗೆ ಅರ್ಥವಾಗಿರಲಿಲ್ಲ. ಆ ಕರೆಗಳಿಗೆ ಕೊನೆಯ ಮಾತು ಎನ್ನುವುದೇ ಇರಲಿಲ್ಲ. ಮೀನಿನ ವಿಷಯವೋ ಮಳೆಯ ವಿಷಯವೋ ಹೇಳುತ್ತಿದ್ದ ಹಾಗೇ ಸುತ್ರಿಸ್ನೋ ಪಟ್ಟನೆ ಫೋನ್ ಕತ್ತರಿಸಿಬಿಡುತ್ತಿದ್ದ. ನೆಟ್‌ಪ್ಯಾಕ್ ಉಳಿಸುತ್ತಾನೆ ಎಂದುಕೊಂಡು ಉಮಾಶಂಕರ ಸುಮ್ಮನಿದ್ದ.

ಭಾನುವಾರಗಳಲ್ಲಿ ಇಬ್ಬರೂ ಸೈಕಲ್ ಹತ್ತಿ ನಕತಾಜಿಮಾದ ಮರಳುದಿಬ್ಬಗಳಿಗೆ ಹೋಗುತ್ತಿದ್ದರು. ಸಮುದ್ರದ ಕಡೆ ಕೈ ಚಾಚಿ ಸುತ್ರಿಸ್ನೋ ಹೇಳುತ್ತಿದ್ದ: ಹೀಗೇ ಕೆಳಕ್ಕೆ ಹೋದರೆ ಕಲಿಪಾಸಿರ್. ಅಲ್ಲಿನ ಮರಳು ಕಪ್ಪು. ದೋಣಿಗಳ ಮೂತಿಗೆ ಕಣ್ಣು ಬರೆದಿರುತ್ತಾರೆ, ದಾರಿ ನೋಡಿಕೊಂಡು ಬರಲಿ ಎಂದು. ಹಳ್ಳ ಸಮುದ್ರ ಸೇರುವಲ್ಲಿ ಹೆಂಗಸರು ಕುಟ್ಟಿದ ಸೀಗಡಿಯನ್ನು ಚಾಪೆಯ ಮೇಲೆ ಒಣಗಲು ಹಾಕಿರುತ್ತಾರೆ. ಆ ವಾಸನೆ ಊರಿಗಿಂತ ಮೊದಲೇ ಬಸ್ಸಿನೊಳಗೆ ಹತ್ತುತ್ತದೆ. ಊರಿನಿಂದ ಪೇಟೆಗೆ ಎರಡು ಗಂಟೆಯ ಗುಡ್ಡದ ದಾರಿ. ಕೆಂಪು ತಿರುವು ದಾಟಿ ತೇಗದ ಕಾಡು ಶುರುವಾಯಿತೋ, ಫೋನ್ ಸತ್ತಿತು. ಕಾಡು ಮುಗಿದ ಮೇಲೇ ಅದಕ್ಕೆ ಮರುಜನ್ಮ. ಅಪ್ಪ ಹೋದದ್ದು ಆ ಸಮುದ್ರದಲ್ಲೇ. ಅಮ್ಮ ಸೀಗಡಿ ಕುಟ್ಟಿ ಇಬ್ಬರು ಮಕ್ಕಳನ್ನು ಓದಿಸಿದರು. ತಂಗಿ ಲೀಲಾ ಊರ ಶಾಲೆಯಲ್ಲಿ ಇಂಗ್ಲಿಷ್ ಟೀಚರ್.

ಆಮೇಲೆ ಕೊರೊನಾ ಬಂತು. ಎಲ್ಲರೂ ದೂರ ದೂರ ನಿಲ್ಲಬೇಕಾದ ಕಾಲ. ದೂರು ಹೇಳುವುದಕ್ಕೂ ಹತ್ತಿರ ಯಾರೂ ಇರಲಿಲ್ಲ. ಎರಡು ಸಾವಿರದ ಇಪ್ಪತ್ತೊಂದರ ಆಗಸ್ಟಿನಲ್ಲಿ, ಹಿರಿಯರನ್ನು ನೆನೆಯುವ ಓಬೋನ್ ಹಬ್ಬದ ರಜೆ ಹತ್ತಿರವಾದಾಗ ಪಕ್ಕದ ಬಾಲ್ಕನಿಯ ಬಟ್ಟೆಗಳು ಒಣಗಿ ಕಡ್ಡಿಯಾದರೂ ಒಳಗೆ ಹೋಗಲಿಲ್ಲ. ಗೋಡೆಯಾಚೆ ಕೆಮ್ಮು ಮಾತ್ರ. ಆರೋಗ್ಯ ಕೇಂದ್ರದ ಫೋನ್ ಸಿಗುವಷ್ಟರಲ್ಲಿ ಸುತ್ರಿಸ್ನೋನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಆಂಬುಲೆನ್ಸಿನ ಬಿಳಿ ಬಟ್ಟೆಯವರು ಇಳಿಸಿಕೊಂಡು ಹೋಗುವಾಗ ಮೆಟ್ಟಿಲ ಬಳಿ ನಿಂತಿದ್ದ ಉಮಾಶಂಕರನ ಕಡೆ ತಿರುಗಿ, ಉಸಿರಿನ ನಡುವೆ ಜಾಗ ಹುಡುಕಿ ಹೇಳಿದ: "ಮಾಕ್‌ಗೆ... ಹೇಳಬೇಡ."

ಮರುದಿನ ಅವನಿಗೆ ವೆಂಟಿಲೇಟರ್ ಹಾಕಿದರು. ನೋಡಲು ಯಾರನ್ನೂ ಬಿಡುವ ಹಾಗಿಲ್ಲ. ಆಸ್ಪತ್ರೆಯವರು ಸಂಜೆಗೊಮ್ಮೆ ಮೊಚಿಜುಕಿ-ಸಾನ್‌ಗೆ ಫೋನ್ ಮಾಡುತ್ತಿದ್ದರು, ಅವರು ಉಮಾಶಂಕರನಿಗೆ ಮಾಡುತ್ತಿದ್ದರು, ಅವನು ಲೀಲಾಳಿಗೆ ಮಾತ್ರ ತಿಳಿಸುತ್ತಿದ್ದ. "ಬದಲಾವಣೆ ಇಲ್ಲವಂತೆ, ಉಮಾ-ಸಾನ್." ಬದಲಾವಣೆ ಇಲ್ಲ ಎನ್ನುವುದು ಇಷ್ಟು ಒಳ್ಳೆಯ ಸುದ್ದಿಯಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ಓಬೋನ್ ರಜೆಯ ಒಂದು ಸಂಜೆ ಲೀಲಾ ವಾಟ್ಸಾಪ್‌ನಲ್ಲಿ ಕರೆ ಮಾಡಿದಳು. ಹಿರಿಯರನ್ನು ಕರೆಯುವ ಅವರ ರೀತಿಯಲ್ಲಿ ಅವಳು ಅವನನ್ನು 'ಪಾಕ್ ಉಮಾ' ಎನ್ನುತ್ತಿದ್ದಳು. ಮೈಸೂರಿನವನಾದ್ದರಿಂದ ಪಾಕ್ ಅನ್ನಿಸಿಕೊಳ್ಳಲು ಅವನ ತಕರಾರಿರಲಿಲ್ಲ. ಆವತ್ತು ಆ ಹಳೆಯ ಜೋಕಿಗೆ ಜಾಗವಿರಲಿಲ್ಲ. ಇಂಗ್ಲಿಷ್ ಟೀಚರಿನ ಇಂಗ್ಲಿಷ್ ಚೂರುಚೂರಾಗಿ ಬಂತು.

"ಪಾಕ್ ಉಮಾ, ಮಾಕ್‌ಗೂ ಬಂದಿದೆ. ಉಸಿರಾಡೋಕೆ ಆಗ್ತಿಲ್ಲ. ಪೇಟೆ ಆಸ್ಪತ್ರೆಯಲ್ಲಿ ಒಂದು ಬೆಡ್ ಖಾಲಿ ಆಗಿದೆ, ನರ್ಸಮ್ಮ ಹಿಡಿದಿಟ್ಟಿದ್ದಾರೆ. ಮನೆ ಮುಂದೆ ವ್ಯಾನ್ ನಿಂತಿದೆ. ಮಾಕ್ ಏಳ್ತಾನೇ ಇಲ್ಲ."

"ಯಾಕಮ್ಮ?"

"ಆಸ್ಪತ್ರೆಗೆ ಹೋದೋರು ಪ್ಲಾಸ್ಟಿಕ್ಕಲ್ಲಿ ವಾಪಸ್ ಬರ್ತಾರೆ ಅಂತ ಊರೆಲ್ಲ ಮಾತು. ನನ್ನ ಮಗ ತ್ರಿಸ್ ಹೇಳಿದ್ರೆ ಮಾತ್ರ ಹೋಗ್ತೀನಿ ಅಂತಾಳೆ. ನೀವು... ಅವನ ದನಿ ನಿಮ್ಮ ಹತ್ರ ಇದೆ."

ಉಮಾಶಂಕರ ಫೋನನ್ನು ಎದೆಗೊತ್ತಿಕೊಂಡು ನಿರುಪಮಾಳ ಕಡೆ ನೋಡಿದ. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

"ಬೇಡ ರೀ. ಇದು ಮಿಮಿಕ್ರಿ ಅಲ್ಲ, ಚೀಟಿಂಗು. ನಾಳೆ ಆ ಹುಡುಗನಿಗೆ ಏನಾದ್ರೂ ಆದ್ರೆ?"

"ಇವತ್ತು ಆ ತಾಯಿಗೆ ಏನಾದ್ರೂ ಆದ್ರೆ?"

ನಿರುಪಮಾ ಎದ್ದು ಹೋಗಿ ಕುಡಿಯಲು ಬಿಸಿನೀರು ತಂದಿಟ್ಟಳು, ಹಾಡುವವರಿಗೆ ಇಡುವ ಹಾಗೆ. ಮಗಳು ಇಂಚರಾ ಟಿವಿ ಆರಿಸಿದಳು.

ಲೀಲಾ ಮಾತುಗಳನ್ನು ಒಂದೊಂದಾಗಿ ಹೇಳಿಕೊಟ್ಟಳು. ಉಮಾಶಂಕರ ಅವನ್ನು ಗಿಣಿಪಾಠದಂತೆ ಒಪ್ಪಿಸಿದ. ಫ್ರೆಂಡ್ ಫೋನು, ವಿಡಿಯೋ ಬರಲ್ಲ. ಹೋಗು ಮಾಕ್. ನಾನು ಹೇಳ್ತಿದ್ದೀನಲ್ಲ. ಹಟ ಮಾಡಬೇಡ. ಅಷ್ಟೆ. ಅದಕ್ಕಿಂತ ಹೆಚ್ಚು ಮಾತು ಬೇಡ ಎಂದಳು. ಫೋನ್ ತಾಯಿಯ ಕಿವಿಗೆ ಹೋಯಿತು. ಆಚೆಯಿಂದ ಮೊದಲು ಬಂದದ್ದು ಉಸಿರು, ಕಮ್ಮಾರನ ತೂತು ಬಿದ್ದ ತಿದಿಯ ಹಾಗೆ.

"ವಿಸ್ ಮಂಗಾನ್, ಮಾಕ್?" ಎಂದ ಉಮಾಶಂಕರ.

ನಿರುಪಮಾ ಬೆಚ್ಚಿ ಪಕ್ಕದ ಬಾಲ್ಕನಿಯ ಕಡೆ ನೋಡಿದಳು. ದನಿ ಅಷ್ಟು ಸುತ್ರಿಸ್ನೋನದೇ.

ತಾಯಿ ಅತ್ತರು. ಅವನಿಗೆ ಅರ್ಥವಾಗದ ಏನೇನನ್ನೋ ದೂರಿದರು. ಅವನು ಕಲಿತದ್ದನ್ನು ಕಲಿತ ಕ್ರಮದಲ್ಲೇ ಹೇಳಿದ. ಕೊನೆಯ ಮಾತಿಗೆ ಸುತ್ರಿಸ್ನೋ ರೇಗಿದಾಗ ಬರುವ ಸಣ್ಣ ನಿಟ್ಟುಸಿರನ್ನೂ ಸೇರಿಸಿದ. ಆಚೆ ಚಾಪೆ ಸರಿದ ಸದ್ದು, ಯಾರೋ ಎತ್ತಿ ಹಿಡಿದ ಸದ್ದು, ವ್ಯಾನಿನ ಬಾಗಿಲು ಜಾರಿದ ಸದ್ದು. "ಹತ್ತುತ್ತಿದ್ದಾಳೆ," ಎಂದು ಲೀಲಾ ಪಿಸುಗುಟ್ಟಿದಳು.

ಇಲ್ಲಿಗೆ ಫೋನ್ ಕತ್ತರಿಸಿದ್ದರೆ ಮುಗಿಯುತ್ತಿತ್ತು. ಆದರೆ ಉಮಾಶಂಕರ ಮೈಸೂರಿನಲ್ಲಿ ಬೆಳೆದವನು. ಬೀದಿಕೊನೆಯ ಅಂಗಡಿಗೆ ಹೊರಟರೂ 'ಹೋಗ್ತೀನಿ' ಎಂದರೆ ಅಜ್ಜಿ ತಲೆಗೆ ಮೊಟಕುತ್ತಿದ್ದರು, 'ಬರ್ತೀನಿ ಅನ್ನೋ' ಎಂದು. ಕಾಯಿಲೆಯಲ್ಲಿರುವ ತಾಯಿಯನ್ನು, ಅದೂ ಮಗನ ಬಾಯಿಂದ, ಒಂದು ಬೀಳ್ಕೊಡುಗೆಯ ಮಾತೂ ಇಲ್ಲದೆ ಕಳಿಸುವುದು ಹೇಗೆ? ಅವನಿಗೆ ಒಂದು ಪದ ಗೊತ್ತಿತ್ತು. ಪಾಳಿ ಮುಗಿದು ಮನೆಗೆ ಹೊರಡುವಾಗ ಜಾವಾದ ಹುಡುಗರೆಲ್ಲ ಕೂಗುತ್ತಿದ್ದ ಪದ.

"ಆಕು ಮುಲಿಹ್, ಮಾಕ್." ಮನೆಗೆ ಬರ್ತೀನಿ, ಅಮ್ಮ.

ಆಚೆ ಆ ತೂತು ತಿದಿಯ ಉಸಿರೂ ನಿಂತ ಹಾಗಾಯಿತು. ಆಮೇಲೆ ಒಂದು ಕೂಗು. ಮನುಷ್ಯರ ಗಂಟಲಿನ ಯಾವ ಸದ್ದನ್ನಾದರೂ ಅನುಕರಿಸಬಲ್ಲೆ ಎಂದುಕೊಂಡಿದ್ದ ಉಮಾಶಂಕರ ಅದನ್ನು ಮಾತ್ರ ಎಂದಿಗೂ ಮಾಡಲಾರ.

"ಏನು ಹೇಳಿಬಿಟ್ರಿ ಪಾಕ್ ಉಮಾ!" ಲೀಲಾ ಚೀರಿದಳು. "ಸಮುದ್ರದಾಚೆ ಇರೋನು ಬರ್ತೀನಿ ಅಂತ ಯಾವತ್ತೂ ಹೇಳಲ್ಲ! ಸಮುದ್ರಕ್ಕೆ ಕೇಳಿಸುತ್ತೆ. ದೋಣಿಗೆ ಹೋಗೋರು ಮಾತಿನ ಮಧ್ಯದಲ್ಲೇ ಎದ್ದು ಹೋಗ್ತಾರೆ. ಬರ್ತೀನಿ ಅನ್ನೋದು ಮುಳುಗಿದೋರು ಮಾತ್ರ, ಕನಸಲ್ಲಿ ಬಂದು! ಅಪ್ಪ ಹಾಗೆ ಬಂದಿದ್ರಂತೆ. ಮಾಕ್ ಇಳಿದುಬಿಟ್ಟಳು. ಮರಳಲ್ಲಿ ಕೂತುಬಿಟ್ಟಿದ್ದಾಳೆ. ನನ್ನ ಮಗ ಹೋದ ಅಂತಿದ್ದಾಳೆ!"

ಪಟ್ಟನೆ ಕತ್ತರಿಸುತ್ತಿದ್ದ ಆ ಕರೆಗಳು. ಉಮಾಶಂಕರ ಸುತ್ರಿಸ್ನೋನ ದನಿಯಲ್ಲಿ "ಮಾಕ್, ಮಾಕ್" ಎಂದ. ಆ ಕೂಗು ಇನ್ನೂ ಜೋರಾಯಿತು. ಸತ್ತವನೇ ಕರೆಯುತ್ತಿದ್ದಾನೆ ಅವರ ಪಾಲಿಗೆ.

"ನಿಮ್ಮ ದನೀಲಿ ಮಾತಾಡಿ," ಎಂದಳು ನಿರುಪಮಾ.

"ಏನಂತ?"

"ಇರೋದನ್ನ ಹೇಳಿ."

ಅವನು ಬಿಸಿನೀರು ಕುಡಿದ. ಬಾಡಿಗೆದಾರರನ್ನೆಲ್ಲ ಹೊರಗೆ ಕಳಿಸಿದ ಮೇಲೆ ಗಂಟಲಿನಲ್ಲಿ ಉಳಿದ ದನಿ ಅವನಿಗೇ ಬಡಕಲಾಗಿ ಕೇಳಿಸಿತು. "ಮಾಕ್. ನಾನು ಬೇಯೋ."

ಕೂಗು ನಿಂತಿತು.

ಅವನು ಇಂಗ್ಲಿಷಿನಲ್ಲಿ ಹೇಳಿದ, ಲೀಲಾ ಅಳುತ್ತಲೇ ತನ್ನ ಭಾಷೆಗೆ ತಿರುಗಿಸಿದಳು. ತ್ರಿಸ್ ಆಸ್ಪತ್ರೆಯಲ್ಲಿದ್ದಾನೆ. ಗಂಟಲಿಗೆ ಕೊಳವೆ ಹಾಕಿದ್ದಾರೆ. ಮಾತಾಡಲು ಆಗುವುದಿಲ್ಲ, ಅದಕ್ಕೇ ನಾನು ಆಡಿದೆ. ಬರ್ತೀನಿ ಅಂದದ್ದು ನಾನು, ಅವನಲ್ಲ. ನಮ್ಮೂರಲ್ಲಿ ಹಾಗೆ ಹೇಳದೆ ಹೊಸಿಲು ದಾಟುವ ಹಾಗಿಲ್ಲ.

ತಾಯಿ ಏನೋ ಕೇಳಿದರು. ಲೀಲಾ ತಿರುಗಿಸಿ ಹೇಳಿದಳು: "ಬದುಕಿದ್ದಾನಾ ಅಂತ ಕೇಳ್ತಿದ್ದಾಳೆ."

ಉಮಾಶಂಕರ ಬಾಯಿ ತೆರೆದ. ಇದ್ದಾನೆ ಎನ್ನುವುದು ಎಷ್ಟು ಸುಲಭ! ಮೊಚಿಜುಕಿ-ಸಾನ್ ಇವತ್ತು ಇನ್ನೂ ಫೋನ್ ಮಾಡಿರಲಿಲ್ಲ.

"ನಿನ್ನೆ ಸಂಜೆವರೆಗೂ ಇದ್ದ," ಎಂದ. "ಇವತ್ತಿನದು ನನಗೂ ಗೊತ್ತಿಲ್ಲ, ಮಾಕ್. ಯಾರನ್ನೂ ಒಳಗೆ ಬಿಡಲ್ಲ."

ಅಲೆಯ ಸದ್ದು ಕೇಳಿಸಿತು, ಇಲ್ಲವೇ ಅವರ ಉಸಿರು. ಎರಡೂ ಹಾಗೇ ಬಂದು ಹಾಗೇ ಹೋಗುತ್ತಿದ್ದವು. ಕೊನೆಗೆ ತಾಯಿ ತುಂಡು ತುಂಡಾಗಿ ಮಾತಾಡಿದರು.

"ಅವನ ಹತ್ರ ಯಾರೂ ಇಲ್ವಾ ಅಂತಾಳೆ."

"ಯಾರೂ ಇಲ್ಲ."

"ಅವನೂ ಅಂಥಾ ಜಾಗದಲ್ಲೇ ಮಲಗಿದ್ದಾನಾ ಅಂತಾಳೆ. ಪ್ಲಾಸ್ಟಿಕ್ ಬಟ್ಟೆಯೋರ ಮಧ್ಯೆ."

"ಹೌದು."

ಮರಳು ಸರಿದ ಸದ್ದು. ಮತ್ತೆ ವ್ಯಾನಿನ ಬಾಗಿಲು. ಲೀಲಾ ಅವಸರದಲ್ಲಿ ಹೇಳಿದಳು: "ಹಾಗಾದ್ರೆ ನಾನೂ ಅಂಥಾ ಕಡೆಯೇ ಇರ್ತೀನಿ ಅಂದಳು. ಆದ್ರೆ ಬೇಯೋ ಫೋನ್ ಇಡಬಾರದಂತೆ. ದಾರಿಯುದ್ದಕ್ಕೂ ಮಾತಾಡಬೇಕಂತೆ, ಅವನ ದನೀಲಿ. ಸುಳ್ಳು ಅಂತ ಅವಳಿಗೆ ಗೊತ್ತು. ಆದ್ರೂ. ಬರ್ತೀನಿ ಅನ್ನೋದು ಮಾತ್ರ ಬೇಡ."

ವ್ಯಾನ್ ಹೊರಟಿತು. ಉಮಾಶಂಕರ ಆ ದನಿಯೊಳಗೆ ಮತ್ತೆ ಹೊಕ್ಕ. ಗೊತ್ತಿದ್ದ ಜಾವಾ ಮಾತುಗಳು ಊರ ಸೇತುವೆ ದಾಟುವ ಮೊದಲೇ ಖಾಲಿಯಾದವು. ಎರಡನೇ ಸಲ ಊಟ ಕೇಳಿದ, ಮೂರನೇ ಸಲ ಕೇಳಿದ. ಆಮೇಲೆ ಬೇರೆ ದಾರಿ ಕಾಣದೆ, ಅದೇ ಏರಿಳಿತದಲ್ಲಿ, ಅದೇ ಗಂಟಲಲ್ಲಿ ಸಿಕ್ಕುವ ಕಕಾರದಲ್ಲಿ, ಕನ್ನಡ ಶುರುಮಾಡಿದ. ಅಗ್ರಹಾರ, ಮಾಕ್, ಆಮೇಲೆ ಚಾಮುಂಡಿಪುರಂ, ಮುಂದೆ ಬನ್ನಿ ಮುಂದೆ ಬನ್ನಿ, ಚಿಲ್ಲರೆ ಕೊಡಿ, ಮಾಕ್. ಬಸ್ಸಿನ ಸ್ಟಾಪುಗಳು ಮುಗಿದಾಗ ತಡವರಿಸಿದ.

"ಬಿಸಿಬೇಳೆಭಾತ್ ಹೇಳಿ," ಎಂದು ನಿರುಪಮಾ ಕಿವಿಯ ಬಳಿ ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು. "ಮೊದಲು ಬೇಳೆ ತೊಳೀಬೇಕು."

"ಬೇಳೆ ತೊಳೀಬೇಕು, ಮಾಕ್. ಹುಣಸೆಹಣ್ಣು ನೆನೆಹಾಕಬೇಕು."

ಆಚೆಯಿಂದ ಒಂದು ಸಣ್ಣ ಹ್ಞೂಂಗುಡುವಿಕೆ ಬರುತ್ತಿತ್ತು, ಕತೆ ಕೇಳುವ ಮಕ್ಕಳ ಹಾಗೆ. ಒಗ್ಗರಣೆಯ ಹೊತ್ತಿಗೆ ಅದು ದೂರ ದೂರವಾಯಿತು. "ಕೆಂಪು ತಿರುವು, ಪಾಕ್ ಉಮಾ," ಎಂದಳು ಲೀಲಾ. "ತೇಗ ಶು..."

ಅಷ್ಟೆ. ಮಾತಿನ ಮಧ್ಯದಲ್ಲೇ.

ಉಮಾಶಂಕರ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕಾಡು ಎಲ್ಲಿ ಮುಗಿಯುತ್ತದೋ, ಯಾವ ಮರದಾಚೆ ಜೀವ ಬರುತ್ತದೋ! ಅದು ಬಂದಾಗ ಅಲ್ಲಿ ದನಿ ಇರಬೇಕು. ತುಪ್ಪ ಹಾಕಬೇಕು, ಮಾಕ್. ಗೋಡಂಬಿ ಕೆಂಪಗಾಗಬೇಕು. ಫೋನ್ ಕಿವಿಯ ಬಳಿ ನಡುಗತೊಡಗಿತು. ಜೀವ ಬಂತೆಂದು ಥಟ್ಟನೆ ನೋಡಿದ. ಇಂಚರಾಳೂ ಬಗ್ಗಿ ನೋಡಿದಳು.

"ಪಪ್ಪಾ, ಮೊಚಿಜುಕಿ-ಸಾನ್," ಎಂದಳು ಮೆಲ್ಲಗೆ. ಸಂಜೆಯ ಸುದ್ದಿ.

ಅವನು ಬೇಡವೆಂದು ಕೈಯೆತ್ತಿದ. ಹಸಿರು ಗುಂಡಿ ಮಿನುಗುತ್ತಲೇ ಇತ್ತು. ಅದನ್ನು ಒತ್ತಿದರೆ ಮೊಚಿಜುಕಿ-ಸಾನ್ ಒಂದೋ ಬದಲಾವಣೆ ಇಲ್ಲ ಎನ್ನುತ್ತಾರೆ, ಇಲ್ಲ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಾರೆ. ಯಾವುದಾದರೂ ಆಗಲಿ, ಒತ್ತುವಷ್ಟು ಹೊತ್ತು ಈ ದನಿ ನಿಲ್ಲಬೇಕಾಗುತ್ತದೆ.

"ಇನ್ನೂ ಬಿಸಿ ಇದೆ, ಮಾಕ್," ಎಂದ ಸುತ್ರಿಸ್ನೋನ ಗಂಟಲಿನಲ್ಲಿ. "ಸ್ವಲ್ಪ ಆರಲಿ. ನಿಧಾನಕ್ಕೆ ಊಟ ಮಾಡು."