ಮಾಬೂಬಿ ಒಪ್ಪಿಕೊಂಡ ಕೋಳಿ ಕಳ್ಳತನ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ ಮಾಬೂಬಿಯನ್ನು ಮಾತಿನಲ್ಲಿ ಗೆದ್ದವರು ಇನ್ನೂ ಹುಟ್ಟಿರಲಿಲ್ಲ. ಒಮ್ಮೆ ಆಕೆ ರೈಲ್ವೆ ಗೇಟಿನವನ ಜೊತೆ ವಾದಕ್ಕೆ ನಿಂತಾಗ, ಬರಬೇಕಾಗಿದ್ದ ಗೂಡ್ಸ್ ಗಾಡಿ ಹರಿಹರದಲ್ಲೇ ನಿಂತು, ಆಕೆ ಮನೆಗೆ ಹೋದಳೆಂದು ಫೋನು ಬಂದ ಮೇಲೆ ಹೊರಟಿತಂತೆ. ಆಕೆ ದಿನಕ್ಕೆ ಹನ್ನೊಂದು ಲೋಟ ಚಹಾ ಕುಡಿಯುತ್ತಿದ್ದಳು. ಹನ್ನೆರಡನೆಯದು ಲೆಕ್ಕಕ್ಕಿಲ್ಲ, ಅದು ರುಚಿ ನೋಡಲಿಕ್ಕೆ.

ಅಂಥ ಮಾಬೂಬಿ ನಾಲ್ಕು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಮನೆಯ ಬಾಗಿಲನ್ನೂ ಅರ್ಧವೇ ತೆಗೆಯುತ್ತಿದ್ದಳು. ಆಕೆಯ ತಮ್ಮ ಹಿದಾಯತ್ ಕಳ್ಳತನ ಒಪ್ಪಿಕೊಂಡು ಜೈಲು ಸೇರಿದ್ದ.

ಹಿದಾಯತ್ ಕಲಾಯಿ ಹಾಕುವವನು. ತಾಮ್ರದ ಪಾತ್ರೆಯನ್ನು ಬೆಂಕಿಯ ಮೇಲಿಟ್ಟು, ನವಸಾಗರದ ಪುಡಿ ಉದುರಿಸಿ, ತವರ ಸವರಿ, ಹತ್ತಿಯಿಂದ ಒಂದು ಸುತ್ತು ಒರೆಸಿದನೆಂದರೆ ಆ ಪಾತ್ರೆಯೊಳಗೆ ಮುಖ ನೋಡಿಕೊಂಡು ಗಡ್ಡ ಕೆರೆದುಕೊಳ್ಳಬಹುದಿತ್ತು. ಚಿಕ್ಕಂದಿನಲ್ಲಿ ಮಿದುಳು ಜ್ವರ ಬಂದು ಅವನ ಬುದ್ಧಿ ಹತ್ತನೇ ವಯಸ್ಸಿನ ಹತ್ತಿರವೇ ಕೂತುಬಿಟ್ಟಿತ್ತು. ವಯಸ್ಸು ಮಾತ್ರ ಅದಕ್ಕೆ ಕಾಯದೆ ನಲವತ್ತು ದಾಟಿತ್ತು. ಅವನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಎದುರಿಗೆ ನಿಂತವರ ಮುಖ ಬಾಡಬಾರದು, ಅಷ್ಟೇ. ಇವತ್ತು ಸೋಮವಾರ ಅಲ್ಲವೇನೋ ಎಂದರೆ ಹೂಂ ಎನ್ನುತ್ತಿದ್ದ. ಐದು ನಿಮಿಷ ಬಿಟ್ಟು ಶುಕ್ರವಾರ ಅಲ್ಲವೇನೋ ಎಂದರೆ ಅದಕ್ಕೂ ಹೂಂ. ಯಾರೋ ತಮಾಷೆಗೆ, ನಿನಗೆ ಮದುವೆ ಆಗಿದೆ, ನೀನೇ ಮರೆತಿದ್ದೀಯ ಎಂದದ್ದಕ್ಕೆ ಎರಡು ದಿನ ಹೆಂಡತಿಯನ್ನು ಹುಡುಕಿದ್ದ.

ಹರಿಹರದ ಒಂದು ಶಾದಿ ಮಹಲಿನಲ್ಲಿ ತಾಮ್ರದ ದೇಗ್ ಇತ್ತು. ದೇಗ್ ಎಂದರೆ ಬಿರಿಯಾನಿ ಬೇಯಿಸುವ ದೊಡ್ಡ ಹಂಡೆ. ಅದು ಎಷ್ಟು ದೊಡ್ಡದೆಂದರೆ, ತೊಳೆಯಲು ಒಳಗಿಳಿದವನೊಬ್ಬ ಅಲ್ಲೇ ನಿದ್ದೆ ಹೋಗಿ, ಎದ್ದು ನೋಡಿದರೆ ಬೇರೆ ಊರಿನ ಬೇರೆ ಮದುವೆಯಲ್ಲಿ ಇದ್ದನಂತೆ. ಹಿದಾಯತ್ ಹೋಗಿ ಅದಕ್ಕೆ ಕಲಾಯಿ ಹಾಕಿ ಬಂದ. ಮೂರನೇ ದಿನ ದೇಗ್ ಕಾಣೆಯಾಯಿತು. ಕೊನೆಯ ಸಲ ಅದನ್ನು ಮುಟ್ಟಿದವನು ಯಾರು ಎಂದರೆ ಎಲ್ಲರೂ ಹಿದಾಯತ್ ಎಂದರು. ಸೋಮವಾರ ಬೆಳಿಗ್ಗೆ ಪೊಲೀಸರು ಬಂದು ಕರೆದುಕೊಂಡು ಹೋದರು. ಯಾವ ಠಾಣೆ ಎಂಬುದು ಇಲ್ಲಿ ಬೇಡ. ಬುಧವಾರ ಅವನು ಎಲ್ಲ ಒಪ್ಪಿಕೊಂಡು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅವತ್ತೇ ಕೋರ್ಟಿಗೆ ಹಾಜರು ಮಾಡಿ ಜೈಲಿಗೆ ಕಳಿಸಿದರು. ಕಾಗದದಲ್ಲಿ ಮಾತ್ರ ಅವನನ್ನು ಬುಧವಾರ ಬೆಳಿಗ್ಗೆಯೇ ಹಿಡಿದದ್ದು ಎಂದು ಬರೆದಿತ್ತು. ಸೋಮವಾರ, ಮಂಗಳವಾರ ಎಂಬ ಎರಡು ದಿನಗಳು ಕ್ಯಾಲೆಂಡರಿನಿಂದಲೇ ಮಾಯವಾಗಿದ್ದವು.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಭುವನೇಶ್ವರಿ ಬಂದಳು. ಆಕೆ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿ. ವಕೀಲೆ ಅಲ್ಲ, ಬಡವರಿಗೆ ವಕೀಲರ ಬಾಗಿಲು ತೋರಿಸುವವಳು. ಹಿಂದಿನ ದಿನ ಜೈಲಿಗೆ ಹೋಗಿ ಹಿದಾಯತ್‌ನನ್ನು ನೋಡಿ ಬಂದಿದ್ದಳು. ನಾಳೆ ಹರಿಹರದ ಕೋರ್ಟಿನಲ್ಲಿ ಜಾಮೀನಿನ ವಿಚಾರಣೆ ಇದೆ, ಮಾಲತೇಶಪ್ಪ ಎಂಬ ವಕೀಲರು ಬಿಟ್ಟಿಯಾಗಿ ನಿಲ್ಲುತ್ತಾರೆ, ಆದರೆ ಮನೆಯವರು ಬರಬೇಕು ಎಂದಳು. ಹಿದಾಯತ್‌ನ ಬುದ್ಧಿಯ ಬಗ್ಗೆ ಸರ್ಕಾರ ಕೊಟ್ಟ ವಿಕಲಚೇತನರ ಗುರುತಿನ ಚೀಟಿ ಮಾಬೂಬಿಯ ಟ್ರಂಕಿನಲ್ಲಿತ್ತು. ಆ ಚೀಟಿ ಮತ್ತು ಅಕ್ಕ, ಇಬ್ಬರೂ ಬರದಿದ್ದರೆ ನ್ಯಾಯಾಧೀಶರಿಗೆ ಅವನು ಎಲ್ಲರಂಥ ಒಬ್ಬ ಕಳ್ಳ. ಇನ್ನೆಷ್ಟು ತಿಂಗಳು ಒಳಗಿರಬೇಕೋ.

ಮಾಬೂಬಿ ಟ್ರಂಕಿನ ಮೇಲೆಯೇ ಕೂತುಬಿಟ್ಟಳು. ನಾಲ್ಕು ದಿನದ ಮಾತು ಒಂದೇ ಸಲ ಹೊರಬಂತು. ಕಲಾಯಿ ಹಾಕುತ್ತಿದ್ದ ನಮ್ಮ ಅಬ್ಬಾ ಸಾಯುವ ತನಕ ಒಂದು ಚೂರು ತವರ ಕದ್ದವರಲ್ಲ, ಇವನು ಆ ಹೆಸರಿಗೆ ಮಸಿ ಬಳಿದ, ಇನ್ನು ಇವನಿಗೂ ನನಗೂ ಸಂಬಂಧವಿಲ್ಲ ಎಂದಳು.

"ಅವನು ಕದ್ದಿಲ್ಲ ಮಾಬಕ್ಕ" ಎಂದಳು ಭುವನೇಶ್ವರಿ.

"ಕದ್ದಿಲ್ಲ ಅಂದ್ರೆ ಯಾಕ ಒಪ್ಕಂಡ? ಮಾಡದ ತಪ್ಪನ್ನ ಯಾರಾರ ಒಪ್ಕಂತಾರೇನು? ನನ್ನ ಕುತ್ತಿಗಿ ಮ್ಯಾಲೆ ಕತ್ತಿ ಇಟ್ರೂ ನಾ ಒಪ್ಪಾಕಿ ಅಲ್ಲ."

"ಕತ್ತಿ ಬ್ಯಾಡ ಬಿಡ್ರಿ. ಚಹಾ ಸಾಕು."

ಅಷ್ಟರಲ್ಲಿ ಪಕ್ಕದ ಮನೆಯ ಶಕುಂತಲಮ್ಮ ಜರಡಿ ಕೇಳಿಕೊಂಡು ಬಂದರು. ಭುವನೇಶ್ವರಿ ಅವರನ್ನು ಅಲ್ಲೇ ನಿಲ್ಲಿಸಿ, ಕೈಗೊಂದು ಸೌಟು ಕೊಟ್ಟು, ಇನ್ನು ಸ್ವಲ್ಪ ಹೊತ್ತು ನೀವು ಪೊಲೀಸು ಎಂದಳು. ಶಕುಂತಲಮ್ಮನಿಗೆ ಅರವತ್ತು ವರ್ಷದಲ್ಲಿ ಇಂಥ ಕೆಲಸ ಯಾರೂ ಕೊಟ್ಟಿರಲಿಲ್ಲ. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಮೀಸೆ ತಿರುವಿಕೊಂಡರು.

ಆಟದ ಕಟ್ಟಳೆ ಇಷ್ಟೇ. ಮಾಬೂಬಿ ಗೋಡೆಗೆ ಒರಗದೆ ನಿಲ್ಲಬೇಕು. ನಿಜ ಹೇಳುವ ತನಕ ಚಹಾ ಇಲ್ಲ. ಬೇಜಾರಾದರೆ ಸಾಕು ಎನ್ನಬಹುದು, ಆಟ ನಿಲ್ಲುತ್ತದೆ. ಆದರೆ ಸೋತೆ ಎನ್ನುವಂಥ ಆ ಮಾತು ಮಾಬೂಬಿಯ ಬಾಯಲ್ಲಿ ಎಲ್ಲಿಂದ ಬರಬೇಕು. ಆಪಾದನೆ ಏನೆಂದರೆ, ಶಕುಂತಲಮ್ಮನ ಮನೆಯ ಕೋಳಿಯನ್ನು ಆಕೆ ಕದ್ದಿದ್ದಾಳೆ.

ಮೊದಲ ಹತ್ತು ನಿಮಿಷ ಮಾಬೂಬಿ ಹೈಕೋರ್ಟಿನವರೂ ಎದ್ದು ನಿಲ್ಲುವ ಹಾಗೆ ವಾದಿಸಿದಳು. ಭುವನೇಶ್ವರಿ ವಾದಕ್ಕೆ ವಾದ ಹೂಡಲಿಲ್ಲ. ಕೋಳಿ ಯಾಕೆ ಕದ್ದೆ ಎಂದು ಕೇಳಿದಳು, ಅಷ್ಟೇ. ಉತ್ತರ ಬಂತು. ಮತ್ತೆ ಕೋಳಿ ಯಾಕೆ ಕದ್ದೆ ಎಂದಳು. ಮೂವತ್ತು ಸಲ ಅದೇ ಮಾತು. ಶಕುಂತಲಮ್ಮ ಮಾತಿಗೊಮ್ಮೆ ಸೌಟಿನಿಂದ ಕಿಟಕಿ ಸರಳನ್ನು ಟಣ್ ಎನ್ನಿಸಿದರು. ಮಾಬೂಬಿಯ ಮಗಳು ಮುಸರತ್ ಶುಂಠಿ ಹಾಕಿದ ಚಹಾ ತಂದು ಸ್ಟೂಲಿನ ಮೇಲಿಟ್ಟಳು. ಆ ವಾಸನೆಗೆ ಮಾಬೂಬಿಯ ಮೂಗು ಮುಖ ಬಿಟ್ಟು ಒಂದು ಗೇಣು ಮುಂದೆ ಹೋಯಿತು. ಭುವನೇಶ್ವರಿ ಆ ಚಹಾವನ್ನು ತಾನೇ ಸೊರ್ ಸೊರ್ ಎಂದು ಕುಡಿದಳು. ಮುಸರತ್‌ಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಏನೋ ಪಿಸುಗುಟ್ಟಿದಂತೆ ಮಾಡಿ ವಾಪಸು ಬಂದಳು.

"ನಿಮ್ಮ ಮಗಳು ಎಲ್ಲಾ ಹೇಳಿಬಿಟ್ಳು. ಕದ್ದಿದ್ದು ನೀವೇ ಅಂತೆ."

ಮಾಬೂಬಿ ಅಡುಗೆಮನೆಯ ಕಡೆ ಕತ್ತು ಚಾಚಿದಳು. ಇದು ಆಟ ಎಂದು ಗೊತ್ತಿತ್ತು. ಆದರೂ ಹೆತ್ತ ಮಗಳು ಹಾಗೆ ಯಾಕೆ ಹೇಳಿದಳು. ನಿಂತು ನಿಂತು ಪಾದ ಉರಿಯುತ್ತಿತ್ತು, ತಲೆ ಚಹಾ ಇಲ್ಲದೆ ಸಿಡಿಯುತ್ತಿತ್ತು, ಕಿವಿಯೊಳಗೆ ಸೌಟು ಕೂತಿತ್ತು. ಸಣ್ಣ ವಿಷಯ ಮಾಬಕ್ಕ, ಒಂದು ಕೋಳಿ, ಹೂಂ ಅಂದರೆ ಈಗಲೇ ಕೂಡಬಹುದು ಎಂದು ಭುವನೇಶ್ವರಿ ಬೆಣ್ಣೆ ಸವರಿದ ದನಿಯಲ್ಲಿ ಹೇಳಿದಳು.

ನಲವತ್ತನೇ ನಿಮಿಷಕ್ಕೆ ಮಾಬೂಬಿ ಬಿದ್ದಳು.

"ಹೂಂ, ನಾನೇ ಕದ್ದೆ. ಚಹಾ ಕೊಡು."

"ಕರೀದೋ, ಕೆಂಪೋ?"

"ಕರೀದು."

ಸೌಟು ಟಣ್ ಎಂದಿತು. "ಸರಿಯಾಗಿ ನೆನಪು ಮಾಡ್ಕಳ್ರಿ."

"ಕೆಂಪು. ಕೆಂಪು ಹುಂಜ. ಕತ್ತಲಾಗೆ ಕರೀದು ಕಂಡಿತ್ತು."

"ಏನು ಮಾಡಿದ್ರಿ ಅದನ್ನ?"

"ಮೆಂತ್ಯ ಸೊಪ್ಪು ಹಾಕಿ ಸಾರು ಮಾಡ್ದೆ. ಖಾರ ಒಂಚೂರು ಮುಂದಾತು."

ಚಹಾ ಬಂತು. ಮಾಬೂಬಿ ಕೂತು ಒಂದು ಗುಟುಕು ಕುಡಿದಳು. ಆಗ ಭುವನೇಶ್ವರಿ ಶಕುಂತಲಮ್ಮನ ಕಡೆ ತಿರುಗಿ, ನಿಮ್ಮ ಮನೆಯಲ್ಲಿ ಎಷ್ಟು ಕೋಳಿ ಸಾಕಿದ್ದೀರಿ ಎಂದು ಕೇಳಿದಳು.

"ಶಿವ ಶಿವ. ನಮ್ಮ ಮನ್ಯಾಗೆ ಬಿಳೀ ಬದನೆಕಾಯಿನೂ ತರಂಗಿಲ್ಲ. ಮೊಟ್ಟಿ ಹಂಗೆ ಕಾಣ್ತೈತೆ ಅಂತ ನಮ್ಮತ್ತಿ ಬ್ಯಾಡ ಅಂದಿದ್ರು."

ಮಾಬೂಬಿಯ ಲೋಟ ತುಟಿಯ ಹತ್ತಿರವೇ ನಿಂತಿತು. ಇಪ್ಪತ್ತಾರು ವರ್ಷದಿಂದ ಆಕೆಗೆ ಆ ಮನೆ ಗೊತ್ತು. ಅಲ್ಲಿ ಕೋಳಿಯ ಗರಿಯೂ ಬಿದ್ದದ್ದಿಲ್ಲ. ಇಲ್ಲದ ಕೋಳಿಯನ್ನು ಕದ್ದು, ಅದಕ್ಕೆ ಬಣ್ಣ ಬಳಿದು, ಮೆಂತ್ಯ ಸೊಪ್ಪನ್ನೂ ಹಾಕಿದ್ದಳು. ಶಕುಂತಲಮ್ಮ ನಗು ತಡೆಯಲಾರದೆ ಸೌಟನ್ನು ಬಾಯಿಗಡ್ಡ ಹಿಡಿದರು. ಮಾಬೂಬಿಗೂ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು.

"ನಿಮ್ಮನ್ನ ಯಾರೂ ಹೊಡೀಲಿಲ್ಲ" ಎಂದಳು ಭುವನೇಶ್ವರಿ. "ಸಾಕು ಅಂದಿದ್ರೆ ನಾನು ಬಿಡ್ತಿದ್ದೆ. ಹಿದಾಯತ್ ಹತ್ರ ಆ ಮಾತಿರಲಿಲ್ಲ. ಎರಡು ದಿನ ಠಾಣ್ಯಾಗೆ ನಿಲ್ಸಿದ್ರು, ಕಾಲು ಬಾತು ಚಪ್ಲಿ ಹಿಡೀತಿಲ್ಲ. ಆದ್ರೂ ಅವನು ನನಗೆ ಗೊತ್ತಿಲ್ಲರಿ, ಗೊತ್ತಿಲ್ಲರಿ ಅಂತಿದ್ನಂತೆ. ಆಮ್ಯಾಲೆ ಒಂದು ಮಾತು ಹೇಳಿದ್ರು. ನಿಮ್ಮ ಅಕ್ಕ ಬಂದಿದ್ಲು, ನೀನೇ ಕದ್ದಿದ್ದು ಅಂತ ಹೇಳಿ ಹೋದ್ಲು ಅಂದ್ರು."

ಮಾಬೂಬಿ ಠಾಣೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

"ಅಕ್ಕನೇ ಹೇಳಿದ್ಮ್ಯಾಲೆ ನಾನೇ ಕದ್ದಿರ್ಬೇಕು, ನನಗೇ ಮರ್ತು ಹೋಗೈತೆ ಅಂತ ಒಪ್ಕಂಡ ಮಾಬಕ್ಕ. ಪೊಲೀಸರ ಮುಂದೆ ಒಪ್ಕಂಡಿದ್ದು ಕೋರ್ಟಿನಾಗೆ ತಪ್ಪಿಗೆ ಸಾಕ್ಷಿ ಆಗಲ್ಲ, ಕಾನೂನು ಹಂಗೈತೆ. ಆದ್ರೆ ಓಣ್ಯಾಗೆ ಅದೇ ಸಾಕ್ಷಿ. ನಿಮ್ಮ ಮನ್ಯಾಗೂ ಅದೇ ಸಾಕ್ಷಿ ಆಗೈತೆ."

ಚಹಾ ಆರುತ್ತಿತ್ತು. ಮಾಬೂಬಿ ಅದನ್ನು ಅಲ್ಲೇ ಬಿಟ್ಟು ಎದ್ದು ಟ್ರಂಕಿನ ಮುಚ್ಚಳ ತೆಗೆದಳು. ಆಕೆ ಚಹಾ ಬಿಟ್ಟೆದ್ದದ್ದನ್ನು ಓಣಿಯವರು ಇವತ್ತಿಗೂ ನಂಬುವುದಿಲ್ಲ.

ಮರುದಿನ ಬೆಳಗಿನ ಪ್ಯಾಸೆಂಜರ್ ರೈಲಿಗೆ ಮೂವರೂ ಹರಿಹರಕ್ಕೆ ಹೋದರು. ಶಕುಂತಲಮ್ಮ ಸಾಕ್ಷಿಗೆ ಬೇಕಾದೀತೆಂದು ಚೀಲದಲ್ಲಿ ಸೌಟನ್ನೂ ಇಟ್ಟುಕೊಂಡಿದ್ದರು. ಕೋರ್ಟಿನಲ್ಲಿ ಹಿದಾಯತ್ ಅಕ್ಕನನ್ನು ನೋಡಿ, ತಪ್ಪು ಮಾಡಿದ ಮಗುವಿನ ಹಾಗೆ ಪೊಲೀಸರ ಹಿಂದೆ ಸರಿದ. ಮಾಬೂಬಿ ಮನೆಯಿಂದ ತಂದಿದ್ದ ಅಗಲದ ಹವಾಯಿ ಚಪ್ಪಲಿಯನ್ನು ಅವನ ಕಾಲ ಬಳಿ ಇಟ್ಟಳು.

ಮಾಲತೇಶಪ್ಪ ವಕೀಲರು ಚೀಟಿಯನ್ನು ನ್ಯಾಯಾಧೀಶರಿಗೆ ಕೊಟ್ಟರು. ಇಂಥವರನ್ನು ಠಾಣೆಗೆ ಎಳೆಯದೆ ಮನೆಯಲ್ಲೇ ವಿಚಾರಿಸಬೇಕೆಂದು ಕಾನೂನೇ ಹೇಳುತ್ತದೆ ಎಂದರು. ಆಮೇಲೆ ಹೆಬ್ಬೆಟ್ಟಿನ ಕಾಗದ ಓದಿದರು. ದೇಗನ್ನು ಕದ್ದೆ, ತುಂಡು ಮಾಡಿದೆ, ನನ್ನ ಕಲಾಯಿ ಒಲೆಯಲ್ಲೇ ಕರಗಿಸಿ ಗಟ್ಟಿ ಮಾಡಿದೆ ಎಂದಿತ್ತು. ನ್ಯಾಯಾಧೀಶರು ವಯಸ್ಸಾದ ಹೆಣ್ಣುಮಗಳು. ಕನ್ನಡಕ ಮೇಲೆತ್ತಿ, ದೇಗ್ ಕದ್ದೆಯೇನಪ್ಪ ಎಂದು ಮೆಲ್ಲಗೆ ಕೇಳಿದರು. ಹೂಂರಿ ಎಂದ. ಅವರು ಒಂದು ಗಳಿಗೆ ಯೋಚಿಸಿ ಗೋಡೆಯ ಕಡೆ ಕೈ ತೋರಿಸಿ, ಆ ಗಡಿಯಾರ ಕದ್ದದ್ದೂ ನೀನೇ ಏನು ಎಂದರು. ಗಡಿಯಾರ ಗೋಡೆಯ ಮೇಲೆಯೇ ಟಿಕ್ ಟಿಕ್ ಎನ್ನುತ್ತಿತ್ತು.

"ಹೂಂರಿ ಅಮ್ಮಾರೆ. ಯಾವಾಗ ವಾಪಸ್ ತರ್ಲಿರಿ?"

ಕೋರ್ಟು ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. ಕಲಾಯಿ ಒಲೆಯಲ್ಲಿ ತಾಮ್ರ ಕರಗಿಸಿದೆಯಾ ಎಂದು ಕೇಳಿದರು.

ಹಿದಾಯತ್ ತಲೆ ಎತ್ತಿದ.

"ಇಲ್ಲರಿ."

ಮಾಬೂಬಿ ಬೆಚ್ಚಿದಳು. ನಲವತ್ತು ವರ್ಷದಲ್ಲಿ ಆ ಮಾತನ್ನು ಅವನ ಬಾಯಿಂದ ಆಕೆ ಕೇಳಿರಲಿಲ್ಲ.

"ಆ ಬೆಂಕಿಗೆ ತವರ ಕರಗ್ತೈತ್ರಿ. ತಾಮ್ರ ಕರಗಲ್ಲ. ಕರಗಿದ್ರೆ ನಾ ಕಲಾಯಿ ಹಾಕಿದ ಪಾತ್ರೆ ಎಲ್ಲಾ ನೀರಾಗಿ ಹರೀತಿದ್ವು. ಇದನ್ನ ಬರ್ದೋರಿಗೆ ಕೆಲ್ಸ ಬರಲ್ಲರಿ."

ಆ ಕಾಗದವನ್ನು ಅವನು ಹೇಳಿ ಬರೆಸಿರಲಿಲ್ಲ, ಯಾರೂ ಅವನಿಗೆ ಓದಿಯೂ ಹೇಳಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವತ್ತೇ ಜಾಮೀನು ಸಿಕ್ಕಿತು. ಬಾತ ಕಾಲನ್ನು ವೈದ್ಯರು ನೋಡಬೇಕು, ಕ್ಯಾಲೆಂಡರಿನಿಂದ ಮಾಯವಾದ ಎರಡು ದಿನದ ಲೆಕ್ಕವನ್ನು ಠಾಣೆಯವರು ಕೊಡಬೇಕು ಎಂದು ನ್ಯಾಯಾಧೀಶರು ಬರೆಸಿದರು.

ದೇಗ್ ಏನಾಯಿತೆಂದರೆ, ಮುಂದಿನ ವಾರ ಹದಡಿಯ ಕಡೆಯಿಂದ ಗೂಡ್ಸ್ ಆಟೋದಲ್ಲಿ ಕೂತು ತಾನೇ ಬಂತು. ಮಹಲಿನ ಮ್ಯಾನೇಜರನ ಅಳಿಯ ಯಾರದೋ ಮದುವೆಗೆ ಕೈಗಡ ಕೊಟ್ಟು ಮರೆತಿದ್ದ. ಅಲ್ಲಿಂದ ಇನ್ನೊಂದು ಮದುವೆ, ಮತ್ತೊಂದು ಮದುವೆ. ಹಿದಾಯತ್ ಜೈಲಿನಲ್ಲಿದ್ದಾಗ ಅದು ನಾಲ್ಕು ಮದುವೆ ಉಂಡಿತ್ತು. ಕಲಾಯಿ ಒಂಚೂರೂ ಮಾಸಿರಲಿಲ್ಲ. ಕೇಸು ಮುಚ್ಚಿತು. ಶಕುಂತಲಮ್ಮ ಮಾತ್ರ ಇವತ್ತಿಗೂ ಓಣಿಯ ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತು, ನನ್ನ ಕೆಂಪು ಹುಂಜದ ಕೇಸು ಏನಾಯಿತು ಎಂದು ಮಾಬೂಬಿಯನ್ನು ಕೇಳುತ್ತಾರೆ.

ಅಕ್ಕಂದಿರೆ, ಅಣ್ಣಂದಿರೆ, ನಾಳೆ ಇದು ನಿಮ್ಮ ಓಣಿಯಲ್ಲೂ ಆಗಬಹುದು. ನಿಮ್ಮವರನ್ನು ಪೊಲೀಸರು ಕರೆದುಕೊಂಡು ಹೋದರೆ ಬಾಗಿಲು ಹಾಕಿಕೊಂಡು ಕೂಡಬೇಡಿ. ಯಾವ ಠಾಣೆ, ಯಾಕೆ ಎಂದು ಕೇಳಿ, ಕೇಳುವುದು ನಿಮ್ಮ ಹಕ್ಕು. ಹಿಡಿದ ಇಪ್ಪತ್ನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಲೇಬೇಕು. ವಿಚಾರಣೆ ನಡೆಯುವಾಗ ವಕೀಲರನ್ನು ಕಾಣಬಹುದು. ಹದಿನೈದರೊಳಗಿನ ಮಕ್ಕಳು, ಅರವತ್ತು ದಾಟಿದವರು, ಹೆಂಗಸರು, ಹಿದಾಯತ್‌ನಂಥವರು, ಇವರ ಹೇಳಿಕೆ ಬೇಕಿದ್ದರೆ ಅವರ ಮನೆಗೇ ಬಂದು ಕೇಳಿ ಎನ್ನಬಹುದು. ಓದಿ ಹೇಳದ ಕಾಗದಕ್ಕೆ, ಖಾಲಿ ಕಾಗದಕ್ಕೆ ಸಹಿಯನ್ನೂ ಹಾಕಬೇಡಿ, ಹೆಬ್ಬೆಟ್ಟನ್ನೂ ಒತ್ತಬೇಡಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನಬೇಡಿ, 15100ಕ್ಕೆ ಫೋನು ಮಾಡಿ, ಕಾನೂನು ಸೇವಾ ಪ್ರಾಧಿಕಾರದವರು ಸಿಗುತ್ತಾರೆ.

ಇನ್ನೊಂದು ಮಾತು. ಯಾರದೋ ಬಗ್ಗೆ ಊರೆಲ್ಲ ಸೇರಿ, ಅವನೇ ಒಪ್ಪಿಕೊಂಡನಂತೆ ಎಂದಾಗ ನೀವೂ ಹೌದೌದು ಎಂದು ತಲೆಯಾಡಿಸಬೇಡಿ. ಅವನನ್ನು ಎಷ್ಟು ಹೊತ್ತು ನಿಲ್ಲಿಸಿದ್ದರು ಎಂದು ಮೊದಲು ಕೇಳಿ.