ಎದುರಂಗಡಿಯ ಗಡ್ಡ

ಎದುರಂಗಡಿ ಟೈಲರ್ ಗಡ್ಡ ಬಿಟ್ಟಿರುವುದು ನಮ್ಮ ಬೀದಿಗೆಲ್ಲ ಕಾಣುತ್ತಿತ್ತು. ಯಾಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ರಸ್ತೆ ದಾಟಿದರೆ ಸಲೂನು. ಅದನ್ನು ನಡೆಸುವ ಸಲೂನ್ ಮಾವ ಈ ಟೈಲರ್‌ಗೆ ಜೀವದ ಗೆಳೆಯ. ಪ್ರತಿ ಭಾನುವಾರ ಬೆಳಿಗ್ಗೆ ಮೊದಲ ಕುರ್ಚಿ ಟೈಲರ್‌ದೇ ಆಗಿತ್ತು. ಕೆನ್ನೆಗೆ ಸೋಪು ಹಚ್ಚಿದ್ದರೂ ಹರಟೆ ನಿಲ್ಲಿಸದ ಆಸಾಮಿ, ಈಗ ಸಲೂನಿಗೆ ಬೆನ್ನು ಹಾಕಿ ಹೊಲಿಯುತ್ತ ಕೂತಿರುತ್ತಿದ್ದರು.

"ಮಾತಿಲ್ಲ ಕತೆಯಿಲ್ಲ. ಕರೆದ್ರೆ 'ಕೆಲಸ ಇದೆ' ಅಂತಾನೆ. ನಾನೇನು ಮಾಡಿದೆನಮ್ಮ ಅವನಿಗೆ?" ಎಂದು ಮಾವ ಸೊಸೆಯ ಹತ್ತಿರ ಗೋಳು ತೋಡಿಕೊಂಡರು.

ಸೊಸೆ ಗ್ರಂಥಾಲಯದ ಉದ್ಯೋಗಿ. ಗ್ರಂಥಾಲಯದ ಪೇಜಿಗೆ ಬರುವ ಕಾಮೆಂಟುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಹೊಸ ಕಟಿಂಗುಗಳ ಫೋಟೊ ಹಾಕಲೆಂದು ಸಲೂನಿಗೂ ಅವಳೇ ಒಂದು ಖಾತೆ ತೆರೆದುಕೊಟ್ಟಿದ್ದಳು. ಆ ದಿನ ಫೋಟೊ ಹಾಕಲು ಮಾವನ ಫೋನ್ ತೆಗೆದುಕೊಂಡವಳು ಹುಬ್ಬೇರಿಸಿದಳು.

"ಮಾವ, ಈ ಹೊಸ ಹಾಡಿನ ಕೆಳಗೆ ಇದನ್ನೆಲ್ಲ ಬರೆದಿದ್ದು ಯಾರು?"

"ನಾನೇ! ಅದೂ ಒಂದು ಹಾಡಾ? ತಗಡು ಬಡಿದ ಹಾಗಿದೆ. ಜನ ನೋಡಿದ್ರೆ ಆಹಾ ಓಹೋ ಅಂತಾರೆ. ಅದಕ್ಕೇ ಸ್ವಲ್ಪ ಬಿಸಿ ಮುಟ್ಟಿಸಿದೆ."

ಅವಳು ಓದಿದಳು. 'ಹಳೇ ಸೈಕಲ್' ಎಂಬ ಹೆಸರಿನಲ್ಲಿ ಯಾರೋ, "ಈ ಹಾಡು ಕೇಳುತ್ತ ಕೆಲಸ ಮಾಡಿದರೆ ನನ್ನ ಬೆನ್ನುನೋವು ಮರೆತೇ ಹೋಗುತ್ತೆ" ಎಂದು ಬರೆದಿದ್ದರು. ಕೆಳಗೆ ಮಾವನ ಉತ್ತರ: "ಬೆನ್ನುನೋವಿನ ಜೊತೆ ಬುದ್ಧಿಯನ್ನೂ ಮರೆತಿದ್ದೀಯ. ನಿನ್ನಂಥ ಕತ್ತೆಗಳಿಂದಲೇ ಸಂಗೀತ ಹಾಳಾಯಿತು."

"ಬರೆದಿದ್ದು ನಾನು ಅಂತ ಯಾರಿಗೆ ಗೊತ್ತಾಗುತ್ತೆ, ಬಿಡು," ಎಂದರು ಮಾವ.

"ಯಾರಿಗೆ ಗೊತ್ತಾಗಲ್ಲ ಅಂತ ಕೇಳಿ! ಇದು ಸಲೂನಿನ ಖಾತೆ. ಪಕ್ಕದಲ್ಲೇ ನಿಮ್ಮ ಫೋಟೊ, ಕೈಯಲ್ಲಿ ಕತ್ತರಿ, ಮೇಲೆ ಅಂಗಡಿ ಬೋರ್ಡು!"

ಮಾವನ ಮುಖ ಪೆಚ್ಚಾಯಿತು. ಆದರೂ ಸೋಲೊಪ್ಪಲಿಲ್ಲ. "ಹಾಗಾದ್ರೆ ಇಷ್ಟ ಇಲ್ಲ ಅಂತ ಹೇಳಲೇಬಾರದಾ? ಎಲ್ಲದಕ್ಕೂ ಚಪ್ಪಾಳೆ ತಟ್ಕೊಂಡು ಕೂರೋದಾ?"

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಒಬ್ಬ ಬಂದು ಕುರ್ಚಿಯಲ್ಲಿ ಕೂತ. "ಎರಡೂ ಕಡೆ ಬೋಳಿಸಿ ಅಂಕಲ್, ಮಧ್ಯದಲ್ಲಿ ನೀಲಿ ಬಣ್ಣ."

"ಹಾಕೋಣ. ನಿಮ್ಮ ಮುಖಕ್ಕೆ ಕಂದು ಇನ್ನೂ ಒಪ್ಪುತ್ತೆ ಅಂತ ನನಗನಿಸುತ್ತೆ. ಆದ್ರೆ ತಲೆ ನಿಮ್ಮದು."

"ನೀಲಿನೇ ಇರಲಿ ಅಂಕಲ್!" ಎಂದು ಅವನು ನಕ್ಕ. ಮಾವನೂ ನಕ್ಕರು. ಕೆಲಸ ಮುಗಿದು ನೀಲಿ ತಲೆ ಬೀದಿಯ ತಿರುವು ದಾಟುವವರೆಗೆ ಸೊಸೆ ಬೆಂಚಿನ ಮೇಲೆ ಕಾದಳು.

"ಆ ನೀಲಿ ಇಷ್ಟ ಆಯ್ತಾ ಮಾವ?"

"ಎಲ್ಲಿಯ ಇಷ್ಟ! ಕಣ್ಣಿಗೆ ಹೊಡೀತಿತ್ತು."

"ಮತ್ತೆ ಅವನನ್ನ ಕತ್ತೆ ಅಂತ ಯಾಕೆ ಬೈಯಲಿಲ್ಲ?"

"ಎದುರಿಗೆ ಕನ್ನಡಿ ಇದೆಯಲ್ಲಮ್ಮ. ಏನಂದ್ರೂ ಅವನ ಮುಖ ನನಗೆ ಕಾಣುತ್ತೆ…" ಎಂದ ಮಾವ ಅಲ್ಲೇ ತಡೆದುಕೊಂಡರು.

"ಅಷ್ಟೇ ವಿಷಯ. ಫೋನಲ್ಲಿ ಕನ್ನಡಿ ಇಲ್ಲ, ಆದ್ರೆ ಆ ಕಡೆ ಮುಖ ಇದ್ದೇ ಇದೆ. ಡ್ರಮ್ ಜಾಸ್ತಿಯಾಯ್ತು ಅನ್ನಿ, ಸಾಹಿತ್ಯ ಹಿಡಿಸಲಿಲ್ಲ ಅನ್ನಿ. ಅದು ಹಾಡಿನ ಮಾತು. 'ನನಗೆ ಅನಿಸುತ್ತೆ' ಅಂತ ಆಗ ಹೇಳಿದ್ರಲ್ಲ, ಹಾಗೇ ಬರೀರಿ. ಕೇಳೋರನ್ನ ಮಾತ್ರ ಬೈಬೇಡಿ. ಸಿಟ್ಟು ಬಂದ್ರೆ ಫೋನ್ ಕೆಳಗಿಟ್ಟು ಒಬ್ಬರಿಗೆ ಕಟಿಂಗ್ ಮಾಡಿ, ಆಮೇಲೆ ಬರೀರಿ."

"ಅವರೇ ನನ್ನನ್ನ ಬೈದ್ರೆ?"

"ತಿರುಗಿ ಬೈದ್ರೆ ಅದಕ್ಕೆ ಕೊನೆ ಇರಲ್ಲ. ಬಿಟ್ಟು ಮುಂದೆ ಹೋಗಿ. ಅತಿಯಾದ್ರೆ ದೂರು ಕೊಡೋ ಬಟನ್ ಅಲ್ಲೇ ಇರುತ್ತೆ."

ಮಾವ ತಲೆ ಕೆರೆದುಕೊಂಡರು. "ಪಾಪ, ಯಾರೋ ಏನೋ ಈ ಹಳೇ ಸೈಕಲ್ಲು," ಎನ್ನುತ್ತ ಕನ್ನಡಕ ಹಾಕಿಕೊಂಡು ಆ ಹೆಸರಿನ ಪಕ್ಕದ ಚಿತ್ರವನ್ನು ದೊಡ್ಡದು ಮಾಡಿದರು. ಬಟ್ಟೆ ರಾಶಿಯ ಮೇಲೆ ಒಂದು ಬೆಕ್ಕು. ಎಡಗಿವಿ ಹರಿದಿತ್ತು.

ಮಾವನಿಗೆ ಬೆಕ್ಕಿನ ಗುರುತು ಸಿಕ್ಕಿತು. ಕತ್ತೆತ್ತಿ ನೋಡಿದರೆ, ಎದುರಂಗಡಿಯ ಬಟ್ಟೆ ರಾಶಿಯ ಮೇಲೆ ಅದೇ ಹರಿದ ಕಿವಿಯ ಬೆಕ್ಕು ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು.

"ಅಯ್ಯಯ್ಯೋ! ನಾನು ಬೈದಿದ್ದು ಇವನನ್ನಾ?"

"ಬೇರೆ ಯಾರೋ ಆಗಿದ್ರೆ ಪರವಾಗಿರಲಿಲ್ವಾ ಮಾವ?"

ಮಾವ ತಮ್ಮ ಬೈಗುಳವನ್ನು ಮತ್ತೊಮ್ಮೆ ಓದಿದರು. "ಇಲ್ಲ ಕಣಮ್ಮ. ಆಗಲೂ ತಪ್ಪೇ," ಎಂದರು. ಬೈಗುಳ ಅಳಿಸಿದರು. ಬೈದ ಜಾಗದಲ್ಲೇ ಎಲ್ಲರಿಗೂ ಕಾಣುವಂತೆ ಬರೆದರು: "ನಾನು ಬರೆದದ್ದು ತಪ್ಪು. ಕ್ಷಮಿಸಿ." ಆಮೇಲೆ ಬ್ರಷ್ಷು, ಸೋಪು, ರೇಜರು ಹಿಡಿದು ರಸ್ತೆ ದಾಟಿದರು.

ಟೈಲರ್ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಕತ್ತೆಗೆ ಯಾಕಪ್ಪ ಶೇವಿಂಗು?"

"ಕತ್ತೆ ನಾನು ಕಣೋ. ತಪ್ಪಾಯ್ತು."

ಯಂತ್ರ ನಿಂತಿತು. "ಹಾಡು ಚೆನ್ನಾಗಿಲ್ಲ ಅಂದಿದ್ರೆ ದಿನವಿಡೀ ಜಗಳ ಆಡ್ತಿದ್ದೆ, ಮಜಾ ಇರ್ತಿತ್ತು. ನೀನು ನನ್ನನ್ನೇ ಅಂದುಬಿಟ್ಟೆ. ಬೆನ್ನುನೋವಿನ ವಿಷಯ ಯಾರ ಹತ್ರಾನೂ ಹೇಳಿರಲಿಲ್ಲ. ಅಲ್ಲಿ ಹೇಳ್ಕೊಂಡಿದ್ದೆ."

ಮಾವನ ಕಣ್ಣು ಒದ್ದೆಯಾಯಿತು. "ನಾನಿದ್ದೀನಲ್ಲೋ. ನನಗೆ ಹೇಳಬಾರದಿತ್ತಾ?" ಎಂದು ಗೆಳೆಯನ ಬೆನ್ನು ಸವರಿದರು.

"ಸರಿ, ಮಾಡು ಶೇವಿಂಗ್. ಆದ್ರೆ ಮುಗಿಯೋವರೆಗೂ ಆ ಹಾಡು ಹಾಕಿರ್ತೀನಿ."

ಹಾಕಿಯೇ ಬಿಟ್ಟರು. ಮಾವ ಹಲ್ಲು ಕಚ್ಚಿಕೊಂಡು ಕೇಳಿದರು. ಒಂದು ಕೆನ್ನೆ ನುಣುಪಾಗುವ ಹೊತ್ತಿಗೆ, "ನನಗಂತೂ ಈಗಲೂ ಹಿಡಿಸಲಿಲ್ಲಪ್ಪ. ಡ್ರಮ್ ಜಾಸ್ತಿ. ಆದ್ರೆ ಹಾಡಿರೋ ಹುಡುಗಿ ದನಿ ಚೆನ್ನಾಗಿದೆ," ಎಂದರು.

"ಅದನ್ನೇ ಬರಿ! ಡ್ರಮ್ ಯಾಕೆ ಬೇಕು ಅಂತ ನಾನು ಉತ್ತರ ಬರೀತೀನಿ."

ಬರೆದರು. ಈಗ ಭಾನುವಾರ ಬಂದರೆ ಇಬ್ಬರ ಜಗಳ ಬೀದಿಯ ಕೊನೆಯವರೆಗೂ ಕೇಳುತ್ತದೆ. ಒಮ್ಮೆ ಹಾಡು, ಒಮ್ಮೆ ಸಿನಿಮಾ, ಒಮ್ಮೆ ಧಾರಾವಾಹಿ. ಟೈಲರ್ ಮುಖದಲ್ಲಿ ಗಡ್ಡದ ಸುಳಿವೂ ಇಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮಗೊಂದು ಮಾತು. ನಿಮಗೆ ಹಿಡಿಸದ್ದನ್ನು ಹಿಡಿಸಲಿಲ್ಲ ಎಂದು ಧಾರಾಳವಾಗಿ ಹೇಳಿ, ಯಾಕೆಂದೂ ಹೇಳಿ. ಆದರೆ ಮೆಚ್ಚಿದವರನ್ನು ಹೀಗಳೆಯಬೇಡಿ. ಬಾಯಿ ತಪ್ಪಿ ಅಂದಿದ್ದರೆ ಇವತ್ತೇ ಹೋಗಿ ಅಳಿಸಿ, ಕ್ಷಮೆ ಕೇಳಿ. ಕಾಮೆಂಟ್ ಕಳಿಸುವ ಮುಂಚೆ ಎದುರಿಗೊಂದು ಕನ್ನಡಿ ಇದೆ, ಅದರಲ್ಲಿ ಓದುವವರ ಮುಖ ಕಾಣುತ್ತಿದೆ ಎಂದುಕೊಳ್ಳಿ. ಆ ಮುಖ ನಿಮ್ಮ ಎದುರಂಗಡಿಯವರದ್ದೇ ಇರಬಹುದು.