ಮಾಸ್ತರು ಮೆಟ್ಟಿಲಿಳಿದರು

ನಮ್ಮ ಬೀದಿಯಲ್ಲಿ ಯಾರಾದರೂ ದೊಡ್ಡ ಕಾಯಿಲೆಯಿಂದ ಬದುಕಿ ಬಂದರೆ ಸಾಕು, ನೋಡಲು ಬಂದವರೆಲ್ಲ ಹೇಳುವುದು ಒಂದೇ ಮಾತು: ಅಲ್ಲಾಡಬೇಡಿ, ಸುಮ್ಮನೆ ಮಲಗಿರಿ. ಹೇಳುವುದಕ್ಕೇನು, ಹೇಳಿ ಅವರ ಪಾಡಿಗೆ ಅವರು ಮನೆಗೆ ಹೋಗುತ್ತಾರೆ. ಮಲಗಿದವರ ಗತಿ ಏನಾಗುತ್ತದೆ ಎಂಬುದನ್ನು ನಾನು ಎದುರು ಮನೆಯಲ್ಲೇ ಕಂಡೆ.

ನನ್ನದು ಇಸ್ತ್ರಿ ಅಂಗಡಿ. ಎದುರಿಗೆ ಟೈಲರ್ ಅಂಗಡಿ, ಅದರ ಮಹಡಿಯ ಮೇಲೆ ಅವರ ಮನೆ. ಗಂಡ ಬಟ್ಟೆ ಕತ್ತರಿಸುವವರು, ಹೆಂಡತಿ ಹೊಲಿಯುವವಳು. ಗಂಡನನ್ನು ಬೀದಿಯೆಲ್ಲ ಮಾಸ್ತರು ಎನ್ನುತ್ತದೆ, ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಮಾಸ್ತರಿಗೆ ನ್ಯುಮೋನಿಯಾ ಆಗಿ, ಉಸಿರಾಡಲು ಯಂತ್ರ ಹಾಕಿ, ವಾರಗಟ್ಟಲೆ ಐಸಿಯುನಲ್ಲಿ ಇಟ್ಟಿದ್ದರು. ಜೀವ ಉಳಿಯಿತು. ಆದರೆ ಕೈಕಾಲು ಕಡ್ಡಿಯಾಗಿ, ತಾವಾಗಿ ಎದ್ದು ಕೂರಲೂ ಆಗುತ್ತಿರಲಿಲ್ಲ.

ಅಕ್ಕ ಅವರನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು. ತುತ್ತು ಉಣಿಸಿದಳು, ಮಗ್ಗುಲು ಹೊರಳಿಸಿದಳು, ನೀರಿನ ಲೋಟ ಎತ್ತಲೂ ಬಿಡಲಿಲ್ಲ. ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಬಂದು ಮಾಸ್ತರನ್ನು ಮಂಚದ ಅಂಚಿಗೆ ಕೂರಿಸಿದಾಗ ಅವರ ಕಾಲು ನಡುಗಿತು, ಉಸಿರು ಏರಿತು. ಅಕ್ಕ ಹೆದರಿದಳು. ಜೀವ ಉಳಿದದ್ದೇ ಹೆಚ್ಚು, ಈ ಕಸರತ್ತೆಲ್ಲ ನಮಗೆ ಬೇಡ ಎಂದು ಮೇಡಂ ಅವರನ್ನು ಕಳಿಸಿಬಿಟ್ಟಳು. ನಾನು ಬುದ್ಧಿ ಹೇಳಲು ಹೋದರೆ, ಮೊದಲು ನಿನ್ನ ಇಸ್ತ್ರಿ ಪೆಟ್ಟಿಗೆ ನೋಡಿಕೋ, ಯಾರದೋ ಅಂಗಿ ಸುಡುತ್ತಿದೆ ಎಂದಳು.

ಮಾಸ್ತರ ಜೀವವೆಲ್ಲ ಕೆಳಗಿನ ಅಂಗಡಿಯಲ್ಲೇ ಇತ್ತು. ಮೈ ಮೇಲೆ, ಕಿವಿ ಕೆಳಗೆ. ಈಗ ಅಕ್ಕನೇ ಬಟ್ಟೆ ಕತ್ತರಿಸುತ್ತಿದ್ದಳು; ಆ ಕತ್ತರಿಯ ಸದ್ದು ಕೇಳಿ ಇದು ದಪ್ಪ ಬಟ್ಟೆ, ಇದು ತೆಳು ಬಟ್ಟೆ ಎಂದು ನನಗೆ ಹೇಳುತ್ತಿದ್ದರು. ಬಟ್ಟೆ ಕತ್ತರಿಸುವ ಆ ಮೇಜಿನ ಮುಂದೆ ಒಂದು ಸಲ ನಿಲ್ಲಬೇಕು ಎಂದು ಹಂಬಲಿಸುತ್ತಿದ್ದರು.

ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅವರ ಅಂಗಿ ಕೊಡಲು ಹೋಗಿದ್ದೆ. ಸೊರಗಿದ ಮೈಗೆ ಸರಿಹೋಗಲಿ ಎಂದು ಅಕ್ಕ ಅದನ್ನು ಚಿಕ್ಕದು ಮಾಡಿ ಹೊಲಿದಿದ್ದಳು. ಮಾಸ್ತರು ಪಕ್ಕದ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು. ಯಾವ ಟೈಲರ್ ಆದರೂ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ, ಮುಂದೆ ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡಲಿ ಎಂದು. ಈ ಅಂಗಿಯಲ್ಲಿ ಅಕ್ಕ ಅದನ್ನು ಕತ್ತರಿಸಿ ತೆಗೆದಿದ್ದಳು.

"ಗಿರಾಕಿಗಳಿಗೆಲ್ಲ ಒಳಗೆ ಬಟ್ಟೆ ಬಿಡ್ತೀಯ, ನಂಗೆ ಬಿಡಲಿಲ್ವಲ್ಲೇ," ಎಂದರು ಮಾಸ್ತರು. "ನಾನು ಇನ್ನು ಇಷ್ಟೇ ಅಂತ ನೀನೂ ತೀರ್ಮಾನ ಮಾಡಿಬಿಟ್ಯಾ?"

"ಮಲಗಿದಾಗ ಚುಚ್ಚಬಾರದು ಅಂತ ರೀ," ಎಂದಳು ಅಕ್ಕ. ಮಲಗಿಯೇ ಇರುತ್ತಾರೆ ಎಂದುಕೊಂಡೇ ತಾನು ಕತ್ತರಿ ಹಾಕಿದ್ದು ಎಂಬುದು ಅವಳಿಗೂ ಆಗಲೇ ಹೊಳೆದಿರಬೇಕು. ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಮಾರನೆಯ ದಿನ ತಾನೇ ಹೋಗಿ ಮೇಡಂ ಅವರನ್ನು ಕರೆತಂದಳು.

ಮೇಡಂ ಹಳೆಯದನ್ನು ಎತ್ತಿ ಆಡಲಿಲ್ಲ. "ಮಲಗೇ ಇದ್ರೆ ಮಾಂಸಖಂಡ ಕರಗಿಹೋಗುತ್ತೆ ಅಕ್ಕ," ಎಂದರು. "ಸ್ವಲ್ಪ ಉಸಿರು ಏರೋದು, ಕಾಲು ನಡುಗೋದು ಇದ್ದದ್ದೇ. ಕೂತು ಸುಧಾರಿಸಿಕೊಂಡ್ರೆ ಸರಿಹೋಗ್ಬೇಕು. ಎದೆನೋವು, ತಲೆಸುತ್ತು ಬಂದ್ರೆ, ಕೂತ ಮೇಲೂ ಏದುಸಿರು ಇಳೀದಿದ್ರೆ ತಕ್ಷಣ ನಿಲ್ಲಿಸಿ, ಆಸ್ಪತ್ರೆಗೆ ತಿಳಿಸಿ. ನೀವು ಪಕ್ಕದಲ್ಲೇ ಇರಿ. ಆದ್ರೆ ಅವ್ರು ಮಾಡೋದನ್ನ ನೀವು ಮಾಡಿಕೊಡ್ಬೇಡಿ."

ಅಕ್ಕನಿಗೆ ಕಷ್ಟವಾದದ್ದು ಈ ಕೊನೆಯ ಮಾತೇ. ಲೋಟ ಹಿಡಿದ ಮಾಸ್ತರ ಕೈ ನಡುಗಿದರೆ ಇವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಮೇಡಂ ಹಂತಹಂತವಾಗಿ ಮಾಡಿಸಿದರು: ಮೊದಲು ಕೂರುವುದು, ಆಮೇಲೆ ಕುರ್ಚಿ ಹಿಡಿದು ನಿಲ್ಲುವುದು, ಆಮೇಲೆ ಬಾಗಿಲವರೆಗೆ ನಡೆಯುವುದು. ನಡುನಡುವೆ ವಿಶ್ರಾಂತಿ, ಜೊತೆಗೆ ಬೇಳೆ, ಮೊಟ್ಟೆ, ಹಾಲು. ಇಷ್ಟರಲ್ಲಿ ಒಮ್ಮೆ ಜ್ವರ ಬಂದು ಮಾಸ್ತರು ಮತ್ತೆ ಹಾಸಿಗೆ ಹಿಡಿದರು. ಜ್ವರ ಬಿಟ್ಟ ಮೇಲೂ ಗೋಡೆಗೆ ಮುಖ ಮಾಡಿ ಮಲಗಿದರು. ಡಾಕ್ಟರನ್ನು ಕೇಳಿ ಮೇಡಂ ಮತ್ತೆ ಮೊದಲಿನಿಂದ ಶುರು ಮಾಡಿಸಿದರು.

ಕೊನೆಗೆ ಒಂದು ಬೆಳಿಗ್ಗೆ ಮಾಸ್ತರು ಕಂಬಿ ಹಿಡಿದು ಮೆಟ್ಟಿಲಿಳಿದರು. ಮೇಡಂ ಒಂದು ಮೆಟ್ಟಿಲು ಕೆಳಗೆ ಇದ್ದರು. ಅಕ್ಕ ಹಿಂದೆ, ತನ್ನ ಕೈಗಳನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡು ಬರುತ್ತಿದ್ದಳು. ಮಾಸ್ತರು ಅರ್ಧದಲ್ಲಿ ಕೂತು ದಣಿವಾರಿಸಿಕೊಂಡರು. ಅಂಗಡಿಗೆ ಬಂದು, ಮೇಜಿಗೆ ಕೈ ಊರಿ ನಿಂತು, ಅಲ್ಲಿದ್ದ ಒಂದು ಕಾಲರ್ ಎತ್ತಿ ನೋಡಿದರು.

"ಇದನ್ನ ಯಾವ ಪುಣ್ಯಾತ್ಗಿತ್ತಿ ಕತ್ತರಿಸಿದ್ದು? ಒಂದು ಮೂಲೆ ಉದ್ದ, ಒಂದು ಮೂಲೆ ಗಿಡ್ಡ."

ಆ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತೋ. ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡು, "ಇನ್ನೂ ಸ್ವಲ್ಪ ಬೈಯ್ರಿ," ಎಂದಳು.

ಮಾಸ್ತರು ಕತ್ತರಿ ಹಿಡಿದು ಆ ಕಾಲರ್ ಸರಿಮಾಡತೊಡಗಿದರು. ಕೈ ಬೇಗ ಸೋತಿತು, ಕತ್ತರಿ ಕೆಳಗಿಟ್ಟು ಕೂತರು. ಹಳೆಯ ಮಾಸ್ತರು ಪೂರ್ತಿ ಬಂದಿಲ್ಲ, ದಾರಿಯಲ್ಲಿದ್ದಾರೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ದೊಡ್ಡ ಕಾಯಿಲೆಯಿಂದ ಎದ್ದವರು ಇದ್ದಾರೆಯೇ? ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ: ಯಾವ ವ್ಯಾಯಾಮ, ಎಷ್ಟು, ಕಲಿಸುವವರು ಯಾರು? ಮನೆಗೆ ಬಂದು ಬಹಳ ದಿನವಾಗಿದ್ದರೆ ಈಗಲಾದರೂ ಹೋಗಿ ಕೇಳಿ, ತಡವಾಯಿತೆಂದು ಸುಮ್ಮನಾಗಬೇಡಿ. ಆಮೇಲೆ ಮಂಚದ ಪಕ್ಕ ಕೂತು ಅವರನ್ನೂ ಒಂದು ಮಾತು ಕೇಳಿ: ನಿಮಗೆ ಎಲ್ಲಿಗೆ ಹೋಗಿ ನಿಲ್ಲಬೇಕು ಅನ್ನಿಸುತ್ತಿದೆ? ಅವರು ಹೇಳಿದ ಜಾಗಕ್ಕೆ ಅವರನ್ನು ಹೊತ್ತುಕೊಂಡು ಹೋಗಬೇಡಿ. ಅವರ ಕಾಲೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ, ನೀವು ಪಕ್ಕದಲ್ಲಿ ನಡೆಯಿರಿ.